ಗುಡುಗಿದರೆ ಪ್ಲಗ್ಗು ಕೀಳುವವರು

ಗುಡುಗಿದಾಗ ದೇವರ ನೆನಪಾಗುವ ಜನ ಬೇರೆ ಕಡೆ ಇರಬಹುದು. ನಮ್ಮ ಶಿರಸಿಯಲ್ಲಿ ಮೊದಲು ನೆನಪಾಗುವುದು ಪ್ಲಗ್ಗು. ಸಿಡಿಲಿಗೆ ಟಿವಿ, ಫೋನು ಕಳೆದುಕೊಂಡ ಮನೆ ಪ್ರತಿ ಓಣಿಯಲ್ಲೂ ಇರುವುದರಿಂದ, ಎಲ್ಲೋ ದೂರದಲ್ಲಿ ಗುಡುಗು ಕೇಳಿದರೂ ಸಾಕು, ಕಂಡ ವೈರನ್ನೆಲ್ಲ ಕಿತ್ತು ಆಮೇಲೆ ನೆಮ್ಮದಿಯಾಗಿ ಚಹಾ ಕುಡಿಯುತ್ತೇವೆ. ಈ ವಿದ್ಯೆಯಲ್ಲಿ ನನ್ನ ಆಯಿಯನ್ನು ಮೀರಿಸುವವರಿಲ್ಲ. ಹೆತ್ತ ತಾಯಿ ಎಂದು ಹೊಗಳುತ್ತಿಲ್ಲ, ಅನುಭವಿಸಿದ್ದೇನೆ.

ಮೋಡೆಮ್ಮು ಕಿರುಚಿಕೊಂಡು ಇಂಟರ್‌ನೆಟ್ ತರುತ್ತಿದ್ದ ಕಾಲ. ನಾನೂ ಯಲ್ಲಾಪುರದ ಗೆಳೆಯ ರಫೀಕನೂ ಸೇರಿ ಮಕ್ಕಳಿಗೆ ಕನ್ನಡ ಕಲಿಸುವ ಒಂದು ಪ್ರೋಗ್ರಾಮ್ ಬರೆಯುತ್ತಿದ್ದೆವು. ಬರುವ ಸೋಮವಾರ ಅದನ್ನು ಸಿದ್ದಾಪುರದ ಶಾಲೆಯೊಂದರಲ್ಲಿ ತೋರಿಸಬೇಕಿತ್ತು. ಬರೆದದ್ದು, ತಿದ್ದಿದ್ದು, ತಿದ್ದಿ ಪಶ್ಚಾತ್ತಾಪಪಟ್ಟದ್ದು ಎಲ್ಲವನ್ನೂ ನೆನಪಿಟ್ಟುಕೊಳ್ಳುವ ರೆಪಾಸಿಟರಿ ಎಂಬ ಉಗ್ರಾಣ ನನ್ನ ಕಂಪ್ಯೂಟರಿನಲ್ಲಿತ್ತು. ರಫೀಕ್ ಕಳಿಸಿದ ಕಾಗುಣಿತದ ಪಾಠವನ್ನು ಅದರೊಳಗೆ ಸೇರಿಸುತ್ತಿದ್ದೆ. ಗುಡುಗಿತು. ಪರದೆ ಕಪ್ಪಾಯಿತು. ಯುಪಿಎಸ್ ಇರಲಿಲ್ಲವೇ ಎನ್ನುತ್ತೀರಿ. ಇತ್ತು. ಆಯಿ ಪ್ಲಗ್ಗು ಕಿತ್ತದ್ದು ಆ ಯುಪಿಎಸ್ಸಿನಿಂದಲೇ.

"ಆಯಿ, ಎಂತ ಮಾಡಿದ್ದು ಇದು!"

"ಗುಡುಗ್ತಾ ಇದ್ದು, ಕೇಳ್ತಿಲ್ಯ ನಿಂಗೆ?" ಎಂದು ಅವಳೇ ನನ್ನನ್ನು ಗದರಿದಳು.

ಮಳೆ ನಿಂತ ಮೇಲೆ ನೋಡಿದರೆ ಉಗ್ರಾಣದ ಬಾಗಿಲೇ ತೆರೆಯಲೊಲ್ಲದು. ಆಯಿಯ ಜೊತೆ ಮಾತು ಬಿಟ್ಟೆ. ಊಟ ಮಾತ್ರ ಬಿಡಲಿಲ್ಲ.

ಸುದ್ದಿ ತಿಳಿದು ಮರುದಿನ ರಫೀಕ್ ತನ್ನ ಕಂಪ್ಯೂಟರಿನ ಡಬ್ಬಿಯನ್ನೇ ಶಾಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದ. ನಾನು ಆಗಲೇ ಸಿಕ್ಕ ಫೈಲನ್ನೆಲ್ಲ ಅಳಿಸಿ ನೋಡುವ ಹುಮ್ಮಸ್ಸಿನಲ್ಲಿದ್ದೆ. ಅವನು ನನ್ನ ಕೈ ಹಿಡಿದ. "ತಡಿಯೋ ಮಾರಾಯ, ಮೊದ್ಲು ಹಾಳಾದದ್ದರದ್ದೇ ಒಂದು ನಕಲು ತೆಗಿ. ಆಮೇಲೆ ಎಲ್ಲೀವರೆಗೆ ಚಲೋ ಐತಿ ನೋಡೋಣ."

ಶುರುವಿನಿಂದ ಒಂದೊಂದೇ ಬದಲಾವಣೆಯನ್ನು ಪರೀಕ್ಷಿಸುತ್ತ ಬಂದೆವು. ಎಲ್ಲವೂ ಸರಿಯಿದ್ದವು. ಕೊನೆಯದೊಂದು ಮಾತ್ರ ಅರ್ಧ ಬರೆದು ಹರಿದುಹೋಗಿತ್ತು. ಅದನ್ನು ಬಿಟ್ಟು ಉಳಿದದ್ದನ್ನು ಹೊಸ ಉಗ್ರಾಣಕ್ಕೆ ಸಾಗಿಸಿ, ಕಾಗುಣಿತವನ್ನು ರಫೀಕನ ಡಬ್ಬಿಯಿಂದ ತುಂಬಿಕೊಂಡೆವು. ಅವನನ್ನು ತಬ್ಬಿಕೊಂಡೆ. ಅಂಥ ಗೆಳೆಯ ಸಿಕ್ಕಿದ್ದು ನನ್ನ ಪುಣ್ಯ.

ಆ ಹೊತ್ತಿಗೆ ಪಕ್ಕದ ಮನೆಯ ಸುಬ್ರಾಯಣ್ಣ ಹೊಗೆ ಹಿಡಿದ ಫೋನನ್ನು ಕೈಯಲ್ಲಿ ಹಿಡಿದು ಬಂದ. ನಿನ್ನೆಯ ಸಿಡಿಲಿಗೆ ಅವನ ಟಿವಿ, ಫೋನು ಎರಡೂ ಸುಟ್ಟಿದ್ದವು. ನಮ್ಮದೂ ಅದೇ ಕಂಬದ ಲೈನು. ಆಯಿ ಪ್ಲಗ್ಗು ಕೀಳದಿದ್ದರೆ ರಿಪೇರಿ ಮಾಡಲಿಕ್ಕೆ ಹಾಳಾದ ಉಗ್ರಾಣವೂ ಉಳಿಯುತ್ತಿರಲಿಲ್ಲ. ಒಳಗೆ ಹೋಗಿ ಅವಳ ಕಾಲಿಗೆ ಬಿದ್ದೆ.

"ಹಾಂಗಾರೆ ಮುಂದಿನ ಸಲ ಕೀಳ್ಲಕ್ಕಾ?" ಎಂದು ಕೇಳಿದಳು.

"ಅಗತ್ಯ ಕೀಳು. ಒಂದು ಮಾತು ಹೇಳಿ ಕೀಳು, ಸಾಕು" ಎಂದೆ.

ಸೋಮವಾರ ಸಿದ್ದಾಪುರದಲ್ಲಿ ಎಲ್ಲವೂ ಸುಸೂತ್ರವಾಗಿ ನಡೆದಿತ್ತು. ಪರದೆಯ ಮೇಲೆ ಅಕ್ಷರ ಕುಣಿಯುತ್ತಿತ್ತು, ಮಕ್ಕಳು "ಕ, ಕಾ, ಕಿ" ಎಂದು ಕೂಗುತ್ತಿದ್ದರು, ಹೆಡ್ ಮಾಸ್ತರರ ಮುಖ ಅರಳಿತ್ತು. ಅಷ್ಟರಲ್ಲಿ ಎಲ್ಲೋ ದೂರದಲ್ಲಿ ಗುಡುಗಿತು. ಪರದೆ ಕಪ್ಪಾಯಿತು. ಕರೆಂಟು ಹೋಯಿತೆಂದು ರಫೀಕ್ ತಲೆ ಎತ್ತಿ ನೋಡಿದರೆ ಫ್ಯಾನು ತಿರುಗುತ್ತಲೇ ಇತ್ತು. ಪ್ಲಗ್ಗು ನನ್ನ ಕೈಯಲ್ಲಿತ್ತು.