ಕೂರಿಗೆ ಬಟ್ಟಲಿನ ಬಲಗಡೆ ತೂತು

ನಿಮ್ಮ ಮನೆಯವರು ನಿಮ್ಮಿಂದ ಎಷ್ಟು ವಿಷಯ ಮುಚ್ಚಿಟ್ಟಿದ್ದಾರೆ, ಹೇಳಿ ನೋಡೋಣ? ಏನೂ ಇಲ್ಲ ಅನ್ನುತ್ತೀರಿ. ಹೋದ ತಿಂಗಳವರೆಗೆ ನಾನೂ ಹಾಗೇ ಅನ್ನುತ್ತಿದ್ದೆ, ಅದೂ ನಾಲ್ಕು ಜನರ ಮುಂದೆ. ಈಗ ನೋಡಿ, ನನ್ನ ಗಂಡ ತೀರಿಕೊಂಡು ಎಂಟು ವರ್ಷವಾದ ಮೇಲೆ ಒಂದು ಕಂಪ್ಯೂಟರ್ ಬಂದು ಅವರ ಗುಟ್ಟನ್ನು ನನಗೆ ಹೇಳಿತು. ಬದುಕಿದ್ದವರ ಜೊತೆ ಜಗಳ ಆಡಬಹುದು, ಊಟ ಬಿಡಬಹುದು, ತವರಿಗೆ ಹೋಗುತ್ತೇನೆಂದು ಚೀಲ ತುಂಬಬಹುದು. ಗೋಡೆಯ ಮೇಲಿನ ಫೋಟೊಗೆ ಏನು ಮಾಡುವುದು? ಎಷ್ಟು ಬೈದರೂ ನಗುತ್ತಲೇ ಇರುತ್ತಾರೆ. ಫೋಟೊ ತೆಗೆಸುವಾಗ ಸ್ವಲ್ಪ ನಗ್ರಿ ಎಂದು ಗಂಟು ಬಿದ್ದವಳೂ ನಾನೇ.

ಇದನ್ನೆಲ್ಲ ಫೋನಿನಲ್ಲಿ ನಾನೇ ಒತ್ತಿ ಬರೆಯುತ್ತಿದ್ದೇನೆ. ಕಲಿತು ಎರಡು ತಿಂಗಳಾಯಿತು. ಮನೆಯಲ್ಲಿ ಎಲ್ಲರೂ ಎರಡು ಹೆಬ್ಬೆರಳಿನಿಂದ ಪಟಪಟ ಒತ್ತುತ್ತಾರೆ. ನಾನು ತೋರುಬೆರಳಿನಿಂದ, ಕೋಳಿ ಕಾಳು ಹೆಕ್ಕಿದ ಹಾಗೆ ಒಂದೊಂದೇ ಅಕ್ಷರ. ನನ್ನ ಬಲಗೈ ಹೆಬ್ಬೆರಳು ಸಣ್ಣವಳಿದ್ದಾಗ ಬಾಗಿಲ ಸಂದಿಗೆ ಸಿಕ್ಕು ಜಜ್ಜಿಹೋಗಿತ್ತು. ಅಂದಿನಿಂದ ಪೂರ್ತಿ ಮಡಚುವುದಿಲ್ಲ. ಆದರೂ ರೊಟ್ಟಿ ಬಡಿದೆ, ನೀರು ಸೇದಿದೆ, ಮೂರು ಮಕ್ಕಳನ್ನು ಎತ್ತಿ ಆಡಿಸಿದೆ, ಹೆಬ್ಬೆರಳು ನೆನಪೇ ಆಗಲಿಲ್ಲ. ಮರೆತದ್ದೇ ತಪ್ಪಾಯಿತು.

ನಮ್ಮವರು ಮಣ್ಣೂರಿನ ಬಡಿಗರು. ಊರಿಗೆಲ್ಲ ಕೂರಿಗೆ, ನೇಗಿಲು ಮಾಡಿಕೊಡುತ್ತಿದ್ದರು, ಹೊಳೆ ದಂಡೆಯ ಹೊಲವೂ ಸ್ವಲ್ಪ ಇತ್ತು. ಈಗ ಟ್ರ್ಯಾಕ್ಟರಿನಿಂದ ಬಿತ್ತುವುದನ್ನು ಮಾತ್ರ ಕಂಡವರಿಗೆ ಒಂದು ಮಾತು ಹೇಳಬೇಕು. ಆಗ ಬಿತ್ತುವ ಕೂರಿಗೆಯನ್ನು ಎತ್ತು ಎಳೆಯುತ್ತಿದ್ದವು. ಅದರ ನೆತ್ತಿಯ ಮೇಲೆ ಒಂದು ಮರದ ಬಟ್ಟಲು, ಬಟ್ಟಲಿಗೆ ಮೂರು ತೂತು, ತೂತಿನಿಂದ ಕೆಳಗೆ ಮೂರು ಬಿದಿರಿನ ಕೊಳವೆ. ಹಿಂದೆ ನಡೆಯುವ ಹೆಂಗಸು ಮುಷ್ಟಿಯಿಂದ ಜೋಳ ಬಿಡುತ್ತಾ ಹೋಗಬೇಕು. ಮೂರೂ ತೂತಿಗೆ ಸಮ ಬೀಳಬೇಕು. ಒಂದಕ್ಕೆ ಹೆಚ್ಚು, ಒಂದಕ್ಕೆ ಕಡಿಮೆ ಬಿದ್ದರೆ ಹದಿನೈದು ದಿನದಲ್ಲಿ ಪೈರು ಎದ್ದು ನಿಂತು ಊರಿಗೆಲ್ಲ ಹೇಳುತ್ತದೆ, ಇವಳ ಕೈ ಹೀಗೆ ಎಂದು. ನನ್ನ ಕೈ ಬಗ್ಗೆ ಯಾವ ಪೈರೂ ಚಾಡಿ ಹೇಳಲಿಲ್ಲ. ನಾನು ಬಿತ್ತಿದ ಸಾಲು ಬೈತಲೆ ತೆಗೆದ ಹಾಗೆ ಇರುತ್ತಿತ್ತು. ಊರಿನವರು ತಮ್ಮ ಹೊಲಕ್ಕೂ ಕರೆಯುತ್ತಿದ್ದರು. ಹಾಗೆ ಕರೆದಾಗ ನಮ್ಮವರು ನಮ್ಮ ಕೂರಿಗೆಯಿಂದ ಬಟ್ಟಲು ಬಿಚ್ಚಿ, ಟವೆಲ್ಲಿನಲ್ಲಿ ಸುತ್ತಿ ಕೈಗೆ ಕೊಡುತ್ತಿದ್ದರು. "ಮಂದಿ ಬಟ್ಟಲದಾಗ ಬಿತ್ತಬ್ಯಾಡ. ನಿನ್ನ ಕೈಗೆ ಇದ ಚಲೋ" ಅನ್ನುತ್ತಿದ್ದರು. ಎಂಥ ಪ್ರೀತಿ ಎಂದು ನಾನು ತಲೆ ಮೇಲಿನ ಸೆರಗು ಸರಿಮಾಡಿಕೊಂಡು ಹೊರಡುತ್ತಿದ್ದೆ.

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಕಾಶೀಬಾಯಿ, ಮದುವೆಯಾಗಿ ಬಂದ ಮೊದಲ ವರ್ಷ ತಾನೂ ಬಿತ್ತುತ್ತೇನೆಂದು ಅದೇ ಬಟ್ಟಲಿಗೆ ಕೈ ಹಾಕಿದಳು. ಪೈರು ಎದ್ದಾಗ ನೋಡಬೇಕಿತ್ತು! ಬಲಗಡೆ ಸಾಲು ದಟ್ಟ, ಎಡಗಡೆ ಸಾಲು ಬೋಳು. ನಾನು ಬಿಟ್ಟೆನೇ? ಬಾವಿ ಕಟ್ಟೆಯಲ್ಲಿ, ಮದುವೆ ಮನೆಯಲ್ಲಿ, ಸಂತೆಯಲ್ಲಿ, ಕೊನೆಗೆ ಅವಳ ತವರಿನವರ ಎದುರಿಗೂ ಹೇಳಿದೆ. "ಕಾಶೀಬಾಯಿ ಬಿತ್ತಿದ ಹೊಲ ಅಂದ್ರ ಅರ್ಧಾ ತಲಿ ಬೋಳಿಸಿದಂಗ ನೋಡ್ರಿ" ಎಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಮತ್ತೆ ಅವಳು ಕೂರಿಗೆ ಮುಟ್ಟಲಿಲ್ಲ. ನಾನು ಮಾತ್ರ ಆ ಮಾತನ್ನು ಮೂವತ್ತು ವರ್ಷ ಬಳಸಿದೆ.

ಈಗ ನಾನು ಅಫಜಲಪುರದಲ್ಲಿ ಸಣ್ಣ ಮಗನ ಮನೆಯಲ್ಲಿದ್ದೇನೆ. ಬಟ್ಟಲೂ ನನ್ನ ಜೊತೆ ಬಂದು, ಅಡುಗೆಮನೆಯ ಮೂಲೆಯಲ್ಲಿ ಬೆಳ್ಳುಳ್ಳಿ ತುಂಬಿಕೊಂಡು ಕೂತಿತ್ತು. ಅಲ್ಲೇ ಅದು ಪಲ್ಲವಿಯ ಕಣ್ಣಿಗೆ ಬಿತ್ತು. ಪಲ್ಲವಿ ಹಿರಿಯ ಮಗನ ಮಗಳು, ಕಲಬುರಗಿಯಲ್ಲಿ ಸಂಶೋಧನೆ ಮಾಡುತ್ತಾಳೆ. ಏನು ಸಂಶೋಧನೆ ಎಂದು ಕೇಳಿದ್ದಕ್ಕೆ, "ಆಯಿ, ಒಂದು ಸಾಮಾನಿನ ಆಕಾರನ ಉದ್ದ, ಅಗಲ, ಎತ್ತರ ಸಮೇತ ಕಂಪ್ಯೂಟರದಾಗ ಕೂಡಿಸೋದು. ಆಮ್ಯಾಲ ಅದನ್ನ ತಿರುಗಿಸಿ ನೋಡಬಹುದು, ಕತ್ತರಿಸಿ ನೋಡಬಹುದು" ಎಂದಳು. ಕತ್ತರಿಸಿ ನೋಡುವುದಕ್ಕೆ ಕಂಪ್ಯೂಟರ್ ಯಾಕೆ, ಈಳಿಗೆ ಸಾಲದೇ ಎಂದೆ. ಅವಳು ನಗಲಿಲ್ಲ. ಸಂಶೋಧನೆ ಮಾಡುವವರು ಬೇಗ ನಗುವುದಿಲ್ಲ.

ಅಳತೆಪಟ್ಟಿ ಇಲ್ಲದೆ, ನಕ್ಷೆ ಇಲ್ಲದೆ ಮುತ್ಯಾ, ಅಂದರೆ ಅವಳ ಅಜ್ಜ, ಇದನ್ನು ಹೇಗೆ ಕೆತ್ತಿದರು ಎನ್ನುವುದೇ ತನ್ನ ವಿಷಯ ಎಂದು ಹೇಳಿ ಪಲ್ಲವಿ ಬೆಳ್ಳುಳ್ಳಿಯನ್ನು ಮೊರಕ್ಕೆ ಸುರಿದಳು. ಬಟ್ಟಲನ್ನು ತಿರುಗುವ ಮಣೆಯ ಮೇಲಿಟ್ಟು ಸುತ್ತಲಿನಿಂದಲೂ ಫೋಟೊ ಹೊಡೆದಳು. ನನ್ನ ಮದುವೆಯಲ್ಲೂ ನನಗೆ ಅಷ್ಟು ಫೋಟೊ ಹೊಡೆದಿರಲಿಲ್ಲ. ಕಂಪ್ಯೂಟರಿನಲ್ಲಿ ಮೊದಲು ಬರೀ ಚುಕ್ಕಿ ಬಂದವು. ಸಾವಿರಾರು ಚುಕ್ಕಿ, ಗಾಳಿಯಲ್ಲಿ ಹಾಕಿದ ರಂಗೋಲಿ. ಚುಕ್ಕಿಗೆ ಚುಕ್ಕಿ ಸೇರಿ ಸಣ್ಣ ಸಣ್ಣ ತ್ರಿಕೋನ, ತ್ರಿಕೋನ ಸೇರಿ ಬಲೆ, ಬಲೆಯ ಮೇಲೆ ಚರ್ಮ ಹೊದಿಸಿದ ಹಾಗೆ ಬಟ್ಟಲು ಎದ್ದು ಕೂತಿತು. ನಿಜ ಹೇಳುತ್ತೇನೆ, ನನ್ನ ಕಣ್ಣು ತುಂಬಿ ಬಂತು. ಅವರ ಉಳಿಯ ಪೆಟ್ಟು ಸಹ ಕಾಣುತ್ತಿತ್ತು.

ಅಲ್ಲಿಗೇ ನಿಲ್ಲಿಸಿದ್ದರೆ ಎಷ್ಟು ಚಂದವಿತ್ತು!

ಮುಂದಿನ ವಾರ ಬಂದವಳು, "ಆಯಿ, ಮುತ್ಯಾ ಬಟ್ಟಲದಾಗ ಒಂದು ತಪ್ಪು ಮಾಡ್ಯಾರ" ಎಂದಳು. ಮೂರು ತೂತು ಒಂದೇ ಸಮ ಇರಬೇಕೆಂದು ಇವಳು ಒಂದು ಸರಿಯಾದ ಆಕಾರ ಬರೆದು, ಅದನ್ನು ಹಳೆಯದರ ಮೇಲೆ ಹೊದಿಸಿ ನೋಡಿದ್ದಾಳೆ. ಎಲ್ಲಿ ಕೂಡುತ್ತದೋ ಅಲ್ಲಿ ಹಸಿರು, ಎಲ್ಲಿ ಕೂಡುವುದಿಲ್ಲವೋ ಅಲ್ಲಿ ಕೆಂಪು. ಎಡಗಡೆ ತೂತು ಸಣ್ಣದು, ಬಲಗಡೆ ತೂತು ದೊಡ್ಡದು, ಬಟ್ಟಲಿನ ತಳವೂ ಬಲಕ್ಕೆ ಇಳಿಜಾರು. ಕಂಪ್ಯೂಟರಿನಲ್ಲಿ ಬಲಗಡೆ ಕೆಂಪಗೆ ಉರಿಯುತ್ತಿತ್ತು. ನನಗೂ ಉರಿಯಿತು. "ನಿಮ್ಮ ಮುತ್ಯಾ ತಪ್ಪು ಮಾಡೂ ಮನಶ್ಯಾನ ಅಲ್ಲ ಬೇ. ನಿನ್ನ ಡಬ್ಬಿದಾಗ ತಪ್ಪೈತಿ" ಎಂದೆ. ಅವಳು ಚೀಲದಿಂದ ಒಂದು ಬಿಳಿ ಪ್ಲಾಸ್ಟಿಕ್ ಬಟ್ಟಲು ತೆಗೆದಳು. ಕಂಪ್ಯೂಟರ್ ತಿದ್ದಿದ ಆಕಾರವನ್ನು ಕಾಲೇಜಿನ ಯಂತ್ರದಲ್ಲಿ ಮಾಡಿಸಿ ತಂದಿದ್ದಳು. "ಆಯ್ತು, ಎರಡರಾಗೂ ನೀನ ಕಾಳು ಬಿಡು. ನೋಡೇಬಿಡೂಣು" ಎಂದಳು.

ಅಂಗಳದಲ್ಲಿ ಎರಡು ಮಣೆ ಎತ್ತರಕ್ಕಿಟ್ಟು, ಪ್ರತಿ ತೂತಿನ ಕೆಳಗೆ ಒಂದೊಂದು ಸ್ಟೀಲ್ ಲೋಟ ಇಟ್ಟೆವು. ಮೊದಲು ನಮ್ಮ ಬಟ್ಟಲು. ಎಷ್ಟೋ ವರ್ಷದ ಮೇಲೆ ಮುಷ್ಟಿಯಲ್ಲಿ ಜೋಳ ಹಿಡಿದೆ. ಕೈ ಏನೂ ಮರೆತಿರಲಿಲ್ಲ. ಮೂರು ಲೋಟವೂ ಸಮಸಮ ತುಂಬಿದವು. "ನೋಡಿದೇನ?" ಎಂದು ಹುಬ್ಬು ಕುಣಿಸಿದೆ. ಆಮೇಲೆ ಪ್ಲಾಸ್ಟಿಕ್ ಬಟ್ಟಲು. ಅದೇ ಕೈ, ಅದೇ ಜೋಳ. ಎಡಗಡೆ ಲೋಟ ತುಂಬಿ ಚೆಲ್ಲಿತು. ಬಲಗಡೆಯದರಲ್ಲಿ ತಳ ಕಾಣುತ್ತಿತ್ತು. ಇನ್ನೊಮ್ಮೆ ಬಿಟ್ಟೆ. ಮತ್ತೆ ಹಾಗೇ. ಪ್ಲಾಸ್ಟಿಕ್ ಜಾರುತ್ತದೆ ಎಂದೆ, ಗಾಳಿ ಎಂದೆ, ಈಗಿನ ಜೋಳವೇ ಸರಿಯಿಲ್ಲ ಎಂದೆ.

ಪಲ್ಲವಿ ನನ್ನ ಮುಷ್ಟಿ ಹಿಡಿದು ತಿರುಗಿಸಿ ನೋಡಿದಳು. ಮಡಚದ ಹೆಬ್ಬೆರಳಿನ ಸಂದಿಯಿಂದ, ಎಡಗಡೆಗೆ, ಕಾಳು ಸೋರುತ್ತಿತ್ತು. "ಆಯಿ," ಎಂದು ಕೂಗಿದಳು, "ಅದು ತಪ್ಪಲ್ಲ! ಮುತ್ಯಾ ನಿನ್ನ ಕೈ ನೋಡಿ ಕೆತ್ಯಾರ! ಎಡಕ್ಕ ಹೆಚ್ಚು ಬೀಳ್ತಾವಂತ ಎಡಗಡಿ ತೂತು ಸಣ್ಣ ಮಾಡಿ ಬಲಕ್ಕ ಇಳಿಜಾರು ಕೊಟ್ಟಾರ!" ಹುಡುಗಿ ಕುಣಿದಳು. ಅವಳಿಗೆ ಸಂಶೋಧನೆ ಸಿಕ್ಕಿತು. ನನಗೇನು ಸಿಕ್ಕಿತು? ಮೂವತ್ತು ವರ್ಷ ನನ್ನ ಕೈಯ ಹೆಸರೆಂದು ತಲೆ ಮೇಲೆ ಹೊತ್ತು ತಿರುಗಿದ್ದು ಒಂದು ಕಟ್ಟಿಗೆಯ ತೂತಿನ ಹೆಸರು ಎಂದು ಗೊತ್ತಾಯಿತು. ಟವೆಲ್ಲಿನಲ್ಲಿ ಸುತ್ತಿ ಕೊಡುತ್ತಿದ್ದದ್ದು ಪ್ರೀತಿಯಲ್ಲ, ಹೆಂಡತಿ ಮಂದಿಯ ಬಟ್ಟಲಿನಲ್ಲಿ ಬಿತ್ತಿ ಸಿಕ್ಕಿಬಿದ್ದಾಳು ಎನ್ನುವ ಭಯ. ಅದೂ ಪ್ರೀತಿಯೇ ಎಂದು ಸೊಸೆ ಸಮಾಧಾನ ಹೇಳಿದಳು. ಇರಬಹುದು. ಆದರೆ ಹೊಗಳಿಕೆ ಎಂದು ತಿಂದದ್ದು ಔಷಧಿಯಾಗಿತ್ತು ಎಂದು ಈಗ ತಿಳಿದರೆ ಬಾಯಿ ಕಹಿಯಾಗದೇ?

ಇದನ್ನು ಬರೆಯಬೇಡ, ಅಳಿಸು ಎಂದು ಪಲ್ಲವಿಯ ಕೈ ಹಿಡಿದೆ. "ನಿನ್ನ ಹೆಸರು ಹಾಕಂಗಿಲ್ಲ ಆಯಿ. 'ಹೆಬ್ಬೆರಳು ಪೂರ್ತಿ ಮಡಚದ ಬಳಕೆದಾರರು' ಅಂತ ಬರೀತೇನಿ" ಎಂದಳು. ಮಣ್ಣೂರಿನ ಹೊಲಗಳಲ್ಲಿ ಅಷ್ಟು ಮೈಲಿ ನಡೆದು ನಾನು ಕೊನೆಗೆ ಬಳಕೆದಾರರಾದೆ. ಅಷ್ಟಕ್ಕೇ ಮುಗಿಯಲಿಲ್ಲ. ನೆಟ್ಟಗಿರುವ ಕೈಯೊಂದರಿಂದಲೂ ಕಾಳು ಬಿಡಿಸಿ ನೋಡಬೇಕಂತೆ, ಆಗಲೇ ಲೆಕ್ಕ ಪಕ್ಕಾ ಆಗುವುದಂತೆ. "ಐತವಾರ ಮಣ್ಣೂರಿಗೆ ಹೋಗಿ ಕಾಶಿ ಆಯಿ ಕೈಲೆ ಮಾಡಸ್ತೇನಿ" ಎಂದು ಎರಡೂ ಬಟ್ಟಲನ್ನು ಚೀಲಕ್ಕೆ ತುಂಬಿದಳು. ಊರಲ್ಲಿ ಬೇರೆ ಕೈಯೇ ಇಲ್ಲವೇ? ಕಾಶೀಬಾಯಿಯ ಕೈಯೇ ಆಗಬೇಕೇ? ಪ್ಲಾಸ್ಟಿಕ್ ಬಟ್ಟಲಿನಲ್ಲಿ ಅವಳು ಸಮಸಮ ಬಿಡುತ್ತಾಳೆ, ನಮ್ಮದರಲ್ಲಿ ಬಲಕ್ಕೆ ಸುರಿಯುತ್ತಾಳೆ, ಅಲ್ಲಿಗೆ ನನ್ನ ಅರ್ಧ ಬೋಳಿಸಿದ ತಲೆ ನನಗೇ ವಾಪಸ್ಸು. ಭಾನುವಾರದೊಳಗೆ ಬಸ್ಸು ಬಂದ್ ಆಗಲಿ ಎಂದು ಬೇಡಿಕೊಂಡೆ. ನನಗೆ ಬೇಕಾದಾಗ ಬಂದ್ ಆಗುವ ಬಸ್ಸು ಇನ್ನೂ ಹುಟ್ಟಿಲ್ಲ.

ಶನಿವಾರ ಬೆಳಿಗ್ಗೆ ತಡೆಯಲಾರದೆ ಕಾಶೀಬಾಯಿಗೆ ಫೋನು ಹಚ್ಚಿದೆ. ಬಟ್ಟಲಿನ ಬಾಯಿಂದ ಕೇಳುವುದಕ್ಕಿಂತ ನನ್ನ ಬಾಯಿಂದಲೇ ಕೇಳಲಿ ಎಂದು ಹೆಬ್ಬೆರಳು, ತೂತು, ಕೆಂಪು ಬಣ್ಣ, ಎಲ್ಲ ಹೇಳಿದೆ. ಜೀವನದಲ್ಲಿ ಮೊದಲ ಸಲ, "ತಪ್ಪಾತು ಕಾಶಿ. ನಿನ್ನ ಕೈ ಸರೀನ ಇತ್ತು" ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಅಳುತ್ತಿದ್ದಾಳೆ ಎಂದುಕೊಂಡೆ. ಎಲೆ ಅಡಿಕೆ ಉಗುಳಲು ಎದ್ದು ಹೋಗಿದ್ದಳಂತೆ. ಬಂದು ಹೇಳಿದಳು:

"ಅದೇನ ಹೊಸಾದ ಹೇಳ್ತಿ ಯಕ್ಕಾ? ಅದ ವರ್ಷನ ಭಾವನವರು ನನ್ನ ಕರದು ಹೇಳಿದ್ರು, 'ತಂಗಿ, ತಪ್ಪು ನಿನ್ನ ಕೈದಲ್ಲ, ಬಟ್ಟಲದ್ದು. ನಿನಗೊಂದು ಬ್ಯಾರೆ ಮಾಡಿಕೊಡ್ಲೇನು' ಅಂತ. ನಾನ ಬ್ಯಾಡ್ರಿ ಅಂದೆ. ಬಟ್ಟಲಾ ಬಂದ್ರ ಕೂರಿಗಿ ಹಿಂದ ನಾನೂ ನಡೀಬೇಕಲ್ಲ? ನೀ ಹೆಸರ ಹೊತಗೊಂಡು ಬಿಸಿಲಾಗ ನಡದಿ, ನಾ ಮೂವತ್ತು ವರ್ಷ ಬೇವಿನ ನೆಳ್ಳಾಗ ಬುತ್ತಿ ಕಾಯ್ಕೋತ ಕುಂತೆ. ಈಗ ಆ ಹುಡುಗಿಗೆ ಹೇಳು, ಐತವಾರ ಬರೂದ ಬ್ಯಾಡ ಅಂತ. ಈ ವಯಸ್ಸಿನಾಗ ನನ್ನ ಕೈ ಚಲೋ ಐತಿ ಅಂತ ಊರಾಗ ಗೊತ್ತಾಗೂದು ನನಗ ಬೇಕಾಗಿಲ್ಲ!"