ಕತ್ತಿವೀರನಿಂದ ಕಲಿತ ಜಪಾನಿ

ಎಂಬತ್ತರ ದಶಕದ ಗಂಗಾವತಿಯಲ್ಲಿ ಜಪಾನಿ ಮಾತನಾಡುವವರು ಒಬ್ಬರೇ ಇದ್ದರು. ಅವರು ಬೇರೆ ಯಾರಿಗಾದರೂ ಸೋದರಮಾವನಾಗಿದ್ದರೆ ನಾನೂ ಹೆಮ್ಮೆಪಡುತ್ತಿದ್ದೆ!

ಮಾವ ಅಕ್ಕಿ ಗಿರಣಿಯ ಗುಮಾಸ್ತ. ಗಿರಣಿಗೆ ಜಪಾನಿನ ಯಂತ್ರ ಬಂದಾಗ ಅದನ್ನು ಜೋಡಿಸಲು ಅಲ್ಲಿಂದಲೇ ಒಬ್ಬ ಮೆಕ್ಯಾನಿಕ್ ಬಂದ. ಅವನ ಚೀಲದಲ್ಲಿ ಕತ್ತಿವೀರನೊಬ್ಬನ ಚಿತ್ರಕಥೆಯ ದಪ್ಪ ಪುಸ್ತಕ. ಸಂಜೆ ಭತ್ತದ ಚೀಲಗಳ ಮೇಲೆ ಕುಳಿತು ಅವನು ಒಂದೊಂದು ಮಾತನ್ನು ಓದಿ, ಅಭಿನಯಿಸಿ ತೋರಿಸುವನು. ಮಾವ ಬಾಯಿಪಾಠ ಮಾಡುವರು. ಹೋಗುವಾಗ ಪುಸ್ತಕವನ್ನೂ ಕೊಟ್ಟುಹೋದ.

ಕತ್ತಿವೀರರು ಬಸ್ಸಿನ ವೇಳೆ ಕೇಳುತ್ತಾರೆಯೇ? ಮಾವನ ಭಾಷೆಯೆಲ್ಲ ಯುದ್ಧದ್ದೇ! ಕೊಪ್ಪಳದ ಬಸ್ಸು ಹೊರಟಿತೆಂದರೆ ಕೊಡೆ ಎತ್ತಿ "ಮತೆ!" ಎಂದು ಗರ್ಜಿಸುವರು. ನಿಲ್ಲು ಎಂದರ್ಥ. ಬಸ್ಸು ನಿಲ್ಲುತ್ತಿತ್ತು, ಒಪ್ಪಬೇಕು. "ತಮ್ಮಾ, ಇವ್ರು ನಿಮ್ಮವ್ರೇನು?" ಎಂದು ಕಂಡಕ್ಟರ್ ಕೇಳಿದರೆ ಕಾಲೇಜು ಹುಡುಗನಾದ ನಾನು ಊರಿನ ಬೋರ್ಡು ಓದುತ್ತ ನಿಲ್ಲುತ್ತಿದ್ದೆ.

ಬದನೆಕಾಯಿಯ ಬೆಲೆ ಇಳಿಯದಿದ್ದರೆ "ಒಬೊಎತೆ ಇರೊ!" ಅಂದರೆ, ನೆನಪಿಟ್ಟುಕೋ, ನೋಡಿಕೊಳ್ಳುತ್ತೇನೆ! ಕಾಯಿಪಲ್ಲೆಯವಳು ಕೈಮುಗಿದಳು: "ಅಣ್ಣಾರ, ಬೈಯೂದಾದ್ರ ಕನ್ನಡದಾಗ ಬೈರಿ. ತಿರುಗಿ ಬೈಯಾಕ ನನಗೂ ಬರಬೇಕಲ್ಲ!"

ಸುಗ್ಗಿಯಲ್ಲೇ ಯಂತ್ರ ನಿಂತಿತು. ಜಪಾನಿನಿಂದ ವಯಸ್ಸಾದ ಇಂಜಿನಿಯರ್ ಬಂದರು, ದುಭಾಷಿ ಬರಲಿಲ್ಲ. "ನಮ್ಮ ಗುಮಾಸ್ತರು ಅದಾರಲ್ಲ!" ಎಂದರು ಗಿರಣಿಯ ಸಾಹುಕಾರರು. ಅಂಗಳದ ತುಂಬ ಭತ್ತದ ಬಂಡಿಗಳು. ಮಾವ ಹೊಸ ಟೊಪ್ಪಿಗೆ ಇಟ್ಟು ಮುಂದೆ ಬಂದು, ತಮ್ಮಲ್ಲಿದ್ದುದನ್ನೇ ಕೊಟ್ಟರು:

"ನಿಗಾಸನಾಯ್ ಝೊ!"

ತಪ್ಪಿಸಿಕೊಂಡು ಹೋಗಲು ಬಿಡೆನು! ಅತಿಥಿ ಸೂಟ್‌ಕೇಸನ್ನು ಎದೆಗೆ ಅಡ್ಡ ಹಿಡಿದರು.

"ಮಷೀನ್ ಅಷ್ಟ ಅಲ್ರಿ, ಮನಷ್ಯಾನೂ ನಿಂತುಬಿಟ್ಟ!" ಎಂದ ಒಬ್ಬ ಹಮಾಲ. ಅಂಗಳವೆಲ್ಲ ನಕ್ಕಿತು. ಸಾಹುಕಾರರು ನಗಲಿಲ್ಲ. "ಇಷ್ಟ್ ದಿನಾ ಸುಳ್ಳ ಹೇಳಿದ್ರೇನ್ರಿ?" ಮಾವ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. ಪಕ್ಕದಲ್ಲಿ ನಿಂತಿದ್ದ ನನ್ನ ಕಿವಿಯೂ ಸುಡುತ್ತಿತ್ತು.

ಕೈಸನ್ನೆಯಲ್ಲೇ ಯಂತ್ರ ರಿಪೇರಿಯಾಯಿತು. ಅತಿಥಿಯ ಊಟ ಮಾವನ ಮನೆಯಲ್ಲೆಂದು ಮೊದಲೇ ನಿಗದಿಯಾಗಿತ್ತು. ಬದಲಿಸಲು ಯಾರಿಗೂ ನೆನಪಾಗಲಿಲ್ಲ. ಮೈತುಂಬ ತೌಡು ಮೆತ್ತಿಕೊಂಡು, ದಣಿದು ಅವರು ಬಾಗಿಲಿಗೆ ಬಂದರು. ಮಾವ ಬಾಯಿ ತೆರೆಯದಿರಲಿ ಎಂದು ನಾನು ದೇವರಿಗೆ ಹರಕೆ ಹೊತ್ತೆ.

ಪುಸ್ತಕದ ಕೊನೆಯ ಪುಟದಲ್ಲಿ, ಕಾಳಗ ಮುಗಿಸಿ ಬಂದ ವೀರನಿಗೆ ಹೊಸ್ತಿಲಲ್ಲಿ ತಾಯಿ ಒಂದು ಮಾತು ಹೇಳುತ್ತಾಳೆ. ಮಾವ ಕಾಲಿಗೆ ನೀರಿನ ತಂಬಿಗೆ ಕೊಡುತ್ತ, ತಲೆ ಎತ್ತದೆ, ಅದನ್ನೇ ಮೆಲ್ಲಗೆ ಅಂದರು:

"ಒಕಾಎರಿ."

ಅತಿಥಿ ತಂಬಿಗೆ ಹಿಡಿದು ಹಾಗೇ ನಿಂತರು. ಕಣ್ಣು ತುಂಬಿ ಬಂತು. "ತದಾಇಮಾ" ಎಂದರು, ಪುಸ್ತಕದ ವೀರ ತಾಯಿಗೆ ಉತ್ತರ ಕೊಡುವಂತೆಯೇ.

ಒಳಗಿನಿಂದ ಅತ್ತೆ ಗಾಬರಿಯಾಗಿ ಬಂದಳು. "ಏನಂದ್ರಿ ಅವ್ರಿಗೆ? ಮತ್ತ ಬೈದ್ರೇನು?"

"ಇಲ್ಲ," ಎಂದರು ಮಾವ. "ದಿನಾ ನೀ ನನಗ ಅಂತೀಯಲ್ಲ, 'ಬಂದ್ರೇನ್ರಿ?' ಅಂತ. ಅಷ್ಟ ಅಂದೆ."