ಹನ್ನೆರಡು ಸೆಕೆಂಡಿನ ಒತ್ತುವರಿ

ಶಾಲೆಯಲ್ಲಿ ಮಾಸ್ತರನಾದವನು ತನಗೆ ಲ್ಯಾಪ್‌ಟಾಪ್ ನಡೆಸಲು ಬರುತ್ತದೆ ಎಂಬುದನ್ನು ಯಾರಿಗೂ ತೋರಿಸಬಾರದು. ನಾನು ತೋರಿಸಿ ಕೆಟ್ಟೆ. ದಾಂಡೇಲಿ ಹತ್ತಿರದ ನಮ್ಮ ಶಾಲೆಯಲ್ಲಿ ಮಕ್ಕಳ ಹಾಜರಿಯಿಂದ ಹಿಡಿದು ಹೆಡ್‌ಮಾಸ್ತರರ ಮೊಮ್ಮಗಳ ಹುಟ್ಟುಹಬ್ಬದ ವಿಡಿಯೋವರೆಗೆ ಎಲ್ಲವೂ ನನ್ನ ಕೊರಳಿಗೇ ಬಿತ್ತು. ಹೀಗಾಗಿ ಬೀಳ್ಕೊಡುಗೆ ಸಮಾರಂಭದ ವಿಡಿಯೋ ಎಡಿಟಿಂಗೂ ನನ್ನದೇ ಆಯಿತು. ನಿವೃತ್ತರಾಗುತ್ತಿದ್ದವರು ಇಬ್ಬರು, ಹೆಡ್‌ಮಾಸ್ತರರು ಮತ್ತು ಬಿಸಿಯೂಟದ ಅಡುಗೆಯ ಮರಿಯಾಬಾಯಿ. ಬ್ಯಾನರಿನಲ್ಲಿ ಮಾತ್ರ ಒಬ್ಬರೇ ಇದ್ದರು.

"ವಿಡಿಯೋ ಹತ್ತ ನಿಮಿಷ ದಾಟಬಾರದ್ರಿ ಮತ್ತ. ಭಾಳ ಉದ್ದಾದ್ರ ಯಾರೂ ನೋಡಾಂಗಿಲ್ಲ" ಎಂದು ಹೆಡ್‌ಮಾಸ್ತರರು ಅಪ್ಪಣೆ ಕೊಡಿಸಿದರು. ಉದ್ದವಾದದ್ದು ಯಾರ ಭಾಷಣ ಎಂಬ ಅನುಮಾನ ಅವರಿಗೆ ಬಂದಿರಲೇ ಇಲ್ಲ.

ಎಡಿಟಿಂಗಿನಲ್ಲಿ ಕತ್ತರಿಸುವುದು ಸುಲಭ. ಆಮೇಲೆ ಎರಡು ತುಣುಕು ಕೂಡುವ ಗೆರೆಯನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ ಕೂರಿಸುವುದಿದೆಯಲ್ಲ, ಅದರಲ್ಲಿ ಕಣ್ಣೇ ಹೋಗುತ್ತದೆ. ಗೆರೆಯನ್ನು ಬಲಕ್ಕೆ ಎಳೆದರೆ ಮೊದಲಿನವರ ಮಾತು ಬೆಳೆಯುತ್ತದೆ, ಮುಂದಿನವರದು ಅಷ್ಟೇ ಮೊಟಕಾಗುತ್ತದೆ. ಒಟ್ಟು ಉದ್ದ ಇದ್ದಷ್ಟೇ ಇರುತ್ತದೆ. ಇದನ್ನು ಕಲಿಯಲು ನನಗೆ ಯಾವ ತರಬೇತಿಯೂ ಬೇಕಾಗಲಿಲ್ಲ. ಮುಂಡಗೋಡ ತಾಲೂಕಿನ ನನ್ನೂರು ಇಂದೂರಿನಲ್ಲಿ ನಮ್ಮ ದೊಡ್ಡಪ್ಪ ಪ್ರತಿ ಸಲ ಉಳುವಾಗಲೂ ಹೊಲದ ಬದುವನ್ನು ಒಂದು ಗೇಣು ನಮ್ಮ ಕಡೆ ಸರಿಸುತ್ತಿದ್ದ. ಕೇಳಿದರೆ, "ಎತ್ತು ಜಗ್ಗಿದ್ವು, ನಾ ಏನ್ ಮಾಡ್ಲಿ?" ಎನ್ನುತ್ತಿದ್ದ. ಅಪ್ಪ ಸಾಯುವ ತನಕ ಅವನನ್ನು ಬೈದ. ನಾನೂ ಸಾಕಷ್ಟು ಬೈದಿದ್ದೇನೆ.

ಹೆಡ್‌ಮಾಸ್ತರರು ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತರು. ಅವರ ಭಾಷಣದ ಬೆನ್ನಿಗೇ ಮರಿಯಾಬಾಯಿಯ ಮಾತಿತ್ತು. "ನನ್ನ ಚಪ್ಪಾಳಿ ಪೂರ್ತಿ ಬರ್ಲಿ. ಇನ್ನೊಂಚೂರು ಆ ಕಡೆ ಸರಸ್ರಿ. ಆಕಿ ಹೆಂಗೂ ಸುಮ್ನ ನಿಂತಾಳ." ನಿಜವೇ. ಮೈಕಿನ ಮುಂದೆ ಮರಿಯಾಬಾಯಿ ಹನ್ನೆರಡು ಸೆಕೆಂಡು ತುಟಿ ಅಲ್ಲಾಡಿಸುತ್ತ ನಿಂತಿದ್ದರು, ದನಿಯಿರಲಿಲ್ಲ. ಪಾಪ, ಮಾತು ಮರೆತಿರಬೇಕು ಅಂದುಕೊಂಡೆ. ಅವರ ಮಾನ ಉಳಿಸಿದ ಪುಣ್ಯವೂ ನನಗಿರಲಿ ಎಂದು ಗೆರೆಯನ್ನು ಎಳೆದೇ ಬಿಟ್ಟೆ. ಜೋಡಣೆ ಎಷ್ಟು ನಯವಾಗಿ ಕೂತಿತೆಂದರೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮರುವಾರ ಮರಿಯಾಬಾಯಿ ವಿಡಿಯೋ ಕೇಳಿಕೊಂಡು ಬಂದರು. ಮುಂಡಗೋಡದಲ್ಲಿರುವ ಮಗಳಿಗೆ ಕಳಿಸಬೇಕಂತೆ. ಪೂರ್ತಿ ನೋಡಿ, "ಸರ, ನಾ ಎಣಿಸಿದ್ದು ಎಲ್ಲಿ ಹೋತ್ರಿ?" ಎಂದರು.

"ಏನ್ ಎಣಿಸಿದ್ರಿ?"

"ಹುಡುಗ್ರನ್ನರಿ. ದಿನಾ ಬಡಸೂಕಿಂತ ಮೊದ್ಲ ಎಣಸ್ತಿದ್ನೆಲ್ಲ? ಕಡೀ ಸಲ ಸ್ಟೇಜಿನ ಮ್ಯಾಲಿಂದ ಎಣಿಸಿದ್ನಿ. ಎಲ್ಲಾರೂ ಇದ್ರು. ಅದನ್ನ ಮಗಳಿಗೆ ತೋರಸ್ಬೇಕಿತ್ತು."

"ಎತ್ತು ಜಗ್ಗಿದ್ವು" ಎಂಬ ಮಾತು ನನ್ನ ನಾಲಿಗೆಯ ತುದಿಗೇ ಬಂದಿತ್ತು, ನುಂಗಿಕೊಂಡೆ. ದಿನವೂ ಅವರ ಕೈಯ ಸಾರು ಉಂಡವನಿಗೆ ಆ ತುಟಿಗಳ ಎಣಿಕೆ ಗೊತ್ತಾಗಲಿಲ್ಲವಲ್ಲ ಎಂದು ಬಹಳ ನಾಚಿಕೆಯಾಯಿತು.

ಸಾಫ್ಟ್‌ವೇರಿನ ಬದು ಹೊಲದ ಬದುವಿಗಿಂತ ಒಳ್ಳೆಯದು, ಹಿಂದಕ್ಕೆ ಎಳೆದರೆ ಹೋದದ್ದೆಲ್ಲ ಮರಳಿ ಸಿಗುತ್ತದೆ. ಆದರೆ ಹೆಡ್‌ಮಾಸ್ತರರಿಗೆ ಫೋನು ಮಾಡಿದರೆ, "ನನ್ನ ಚಪ್ಪಾಳಿ ಮುಟ್ಟಬ್ಯಾಡ್ರಿ. ಬ್ಯಾರೆ ಕಡೆ ನೋಡ್ರಿ" ಎಂದರು. ನೋಡಿದೆ. ಕಟ್ಟಕಡೆಯಲ್ಲಿ ಒಂದು ನಿಮಿಷದ ವಂದನಾರ್ಪಣೆ, ಒಂದು ಕೆಮ್ಮನ್ನೂ ಕತ್ತರಿಸದೆ, ಇಡಿಯಾಗಿ ಉಳಿದುಕೊಂಡಿತ್ತು. ವಂದಿಸಿದವನು ನಾನೇ. ಯಾರ ಹೆಸರು ತೆಗೆದರೆ ಹನ್ನೆರಡು ಸೆಕೆಂಡು ಉಳಿದೀತು ಎಂದು ಕಿವಿಗೊಟ್ಟು ಕೇಳಿದೆ. ಶಾಮಿಯಾನದವನ ಹೆಸರಿತ್ತು, ಮೈಕಿನವನದಿತ್ತು, ಹೆಡ್‌ಮಾಸ್ತರರದು ಮೂರು ಸಲ ಇತ್ತು. ಮರಿಯಾಬಾಯಿಯದು ಇರಲಿಲ್ಲ. ಹೇಳಿದ್ದರೆ ತಾನೆ ಎಳೆದು ತರುವುದು!

ವಂದನಾರ್ಪಣೆಯನ್ನು ಬುಡಸಮೇತ ಕಿತ್ತುಹಾಕಿದೆ. ಹನ್ನೆರಡು ಸೆಕೆಂಡಿನ ಎಣಿಕೆಯನ್ನು ಅದರ ಜಾಗದಲ್ಲಿ ಕೂರಿಸಿ ಮರಿಯಾಬಾಯಿಗೆ ಕಳಿಸಿದೆ. ವಂದನಾರ್ಪಣೆ ಎಲ್ಲಿ ಹೋಯಿತೆಂದು ಇವತ್ತಿನವರೆಗೆ ಯಾರೂ ಕೇಳಿಲ್ಲ. ಹೆಂಡತಿಗೆ ಬೇಕೆಂದೇ ಎರಡು ಸಲ ತೋರಿಸಿದೆ, ಅವಳೂ ಕೇಳಲಿಲ್ಲ.